ಹೋಗ್ತೀನಿ

ನಲವತ್ತೇಳನೆಯ ವರ್ಷ, ಆಷಾಢದ ಒಂದು ಬುಧವಾರ,
ಹಾಸನದ ಬಿ.ಎಂ. ರಸ್ತೆಯ ಮಹಡಿ ಕೋಣೆಯಲ್ಲಿ
ನನ್ನ ಮಗಳಾಗಬಹುದಿದ್ದ ಡಾಕ್ಟರ ಹುಡುಗಿ
ಐವತ್ತು ಪ್ರಶ್ನೆಗಳ ಹಾಳೆ ಮುಂದಿಟ್ಟಳು.
ನಿದ್ದೆಮಾತ್ರೆ ಕೇಳಲು ಹೋದವಳು ನಾನು.

"ಜನ ಹೇಳದೆ ಬಿಟ್ಟದ್ದು ನಿಮಗೆ ತಿಳಿಯುತ್ತದಾ?"
ಹೇಳದೆ ಬಿಟ್ಟರೆ ತಿಳಿಯೋದು ಹೇಗೆ, ಅಂದೆ.
ಅವಳು ನಗಲಿಲ್ಲ. ಬರೆದುಕೊಂಡಳು.
ಎದ್ದು ಟ್ಯೂಬ್‌ಲೈಟು ಆರಿಸಿದಳು.
ಅದು ಗುಂಯ್‌ಗುಡುವುದು
ಎಲ್ಲರಿಗೂ ಕೇಳುವುದಿಲ್ಲವಂತೆ.

ಊಟ ಆಯ್ತಾ ಅಂದವರಿಗೆಲ್ಲ
ಎಷ್ಟು ಮುದ್ದೆ, ಯಾವ ಸಾರು, ಉಪ್ಪು ಕಮ್ಮಿಯಿತ್ತು
ಅಂತ ಒಪ್ಪಿಸಿದ ಹುಡುಗಿ ನಾನು.
ಮೂರನೆಯ ಮಾತಿಗೆ ಅವರ ಕಣ್ಣು ಬಾಗಿಲಿಗೆ ಹೋಗುವುದು
ಕಂಡು ಕಂಡು, ಹದಿಮೂರಕ್ಕೆ ಕಲಿತೆ:
"ಹ್ಞೂಂ, ನಿಮ್ಮದು?"
ದಾಕ್ಷಾಯಿಣಿ ಸುಧಾರಿಸಿದಳು ಅಂದರು.

ಬರ್ತೀನಿ ಅಂತ ಹೇಳಿ ಹೋದಳು ಪಾರ್ವತಮ್ಮತ್ತೆ.
ಬರುತ್ತಾಳಲ್ಲ ಅಂತ ಜಗಲಿಯಲ್ಲಿ ಕೂತೆ.
ದೀಪ ಹಚ್ಚಿದರು. ಎಬ್ಬಿಸಿದರು. ಏಳಲಿಲ್ಲ.
ಮಾರನೆಯ ದಿನ ಯಾರದೋ ಮನೆಯಿಂದ ಹೊರಡುವಾಗ
ಇದ್ದದ್ದನ್ನೇ ಹೇಳಿದೆ: "ಹೋಗ್ತೀನಿ."
ಅವ್ವ ಬೆನ್ನಿಗೆ ಬಾರಿಸಿದಳು.
ಹೋಗೋದು ಹೆಣ ಕಣೆ, ಅಂದಳು.
ಹೆಣ ಮಾತಾಡುತ್ತಾ, ಅಂತ ಕೇಳಿದ್ದಕ್ಕೆ ಇನ್ನೊಂದು.

ಸೊಕ್ಕು ಅಂದರು. ಮೂಗಿ ಅಂದರು. ಗಾಳಿ ಸೋಕಿದೆ ಅಂದರು.
ಕೊರಳಿಗೆ ಕಟ್ಟಿದ ತಾಯಿತದ ದಾರವೇ ದೆವ್ವವಾಗಿತ್ತು,
ಹಲ್ಲಲ್ಲಿ ಕಚ್ಚಿ ಹರಿದೆ.
ಧಾರೆಯ ಹೊತ್ತಿಗೆ ಅತ್ತೆ,
ತವರು ಬಿಡುವ ಸಂಕಟ ಅಂದುಕೊಂಡರು ಹೆಂಗಸರು.
ಜರಿ ಕುತ್ತಿಗೆ ಕೊಯ್ಯುತ್ತಿತ್ತು.

ಈಗ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ನನ್ನ ಹೊಲಿಗೆ ಮಿಷನ್ನು.
ನಾನು ಹೊಲಿದ ರವಿಕೆಯೊಳಗೆ ಒಂದು ಗಂಟೂ ಬೆರಳಿಗೆ ಸಿಗದು,
ಹೊಲಿಗೆಯನ್ನೆಲ್ಲ ಮಡಿಸಿ ಮಲಗಿಸಿರುತ್ತೇನೆ.
ತೊಟ್ಟದ್ದೇ ಮರೆತುಹೋಯ್ತು ಕಣಮ್ಮ,
ಅನ್ನುತ್ತಾರೆ ಗಿರಾಕಿಗಳು.

ಆಟಿಸಂ, ಅಂದಳು ಡಾಕ್ಟರ ಹುಡುಗಿ,
ಒಡೆಯುವ ಸಾಮಾನು ಕೈಗಿಡುವ ಹಾಗೆ.
ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬಿಡಿಸಿದೆ,
ಅದರೊಳಗೆ ಒಂದು ಆಟ ಇತ್ತು.
ಯಾರೂ ನಿಯಮ ಹೇಳಿಕೊಡದ ಆಟ;
ಔಟಾದದ್ದು ಮಾತ್ರ ಕೂಗಿ ಹೇಳುತ್ತಿದ್ದರು.

ಯಜಮಾನರು ಟೀವಿಯಿಂದ ಕಣ್ಣು ಕೀಳದೆ ಕೇಳಿದರು:
"ಅದು ಮಕ್ಕಳಿಗೆ ಬರೋದಲ್ವಾ?"
ಹೌದು, ನಾನೂ ಮಗುವಾಗಿದ್ದೆ, ಅಂದೆ.

ಖುಷಿಯಾಯಿತೆ ಅಂತ ಕೇಳಬೇಡಿ.
ರಾತ್ರಿ ಎದ್ದು ಕೂತು
ಆ ಹುಡುಗಿಗೆ ಬಿದ್ದ ಏಟುಗಳನ್ನು ಎಣಿಸಿದೆ.
ಎಣಿಕೆ ನನಗೆ ಚೆನ್ನಾಗಿ ಬರುತ್ತದೆ.

ಕಣ್ಣಿನ ಪರೀಕ್ಷೆಗೆ ಅಂತ ಅರಸೀಕೆರೆಯಿಂದ ಅವ್ವ ಬಂದಳು.
ಹೇಳಿದೆ. ಕೇಳಿಸಿತೋ ಇಲ್ಲವೋ,
ಮೊರದಲ್ಲಿ ರಾಗಿ ಹರಡಿ ಕಲ್ಲು ಆರಿಸುತ್ತಲೇ ಇದ್ದಳು,
ಪ್ಯಾಕೆಟ್ಟಿನ ರಾಗಿ, ಕಲ್ಲೇ ಇಲ್ಲದ್ದು,
ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಎರಡು ಗಂಟೆ.
ಮೈಮೇಲಿನ ರವಿಕೆ ಒಳಗುಹೊರಗು.
ಮನೆಯಲ್ಲಿ ಅವಳು ತೊಡುತ್ತಿದ್ದುದೇ ಹಾಗೆ,
ಮರೆವು ಅಂತ ನಗುತ್ತಿದ್ದೆವು.
ಮದುವೆಮನೆಗಳಲ್ಲಿ ಯಾವಾಗಲೂ ಉಗ್ರಾಣದಲ್ಲಿ ಅವಳು,
ಬಾಗಿಲಿಗೆ ಬೆನ್ನು ಹಾಕಿ ಪಾತ್ರೆ ಎಣಿಸುತ್ತ.
ಕೆಲಸಗಾತಿ, ಅನ್ನುತ್ತಿದ್ದರು.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ.
ಕಿಟಕಿ ಪಕ್ಕದ ಮೂರನೆಯ ಸೀಟೇ ಆಗಬೇಕು,
ಅದಕ್ಕೆ ಎರಡು ಬಸ್ಸು ಬಿಟ್ಟೆವು.
ಡ್ರೈವರು ಹಾರನ್ನು ಒತ್ತಿದ.
ಒಳಗೊಬ್ಬಳು ಹೊರಗೊಬ್ಬಳು
ಒಟ್ಟಿಗೇ ಕಿವಿ ಮುಚ್ಚಿಕೊಂಡೆವು.

ಕೈ ಇಳಿಸಿದ ಮೇಲೆ ಅವ್ವ
ನನ್ನ ಮುಖ ನೋಡಲಿಲ್ಲ.
ಟಿಕೆಟ್ಟಿನ ನಂಬರು ನೋಡುತ್ತ ಹೇಳಿದಳು:
"ಹೋಗ್ತೀನಿ ಕಣೆ."

ಹ್ಞೂಂ ಅವ್ವ,
ಹೋಗು.